ಗಣ, ಗಣಿತ, ಗಣಕ

ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲಿನ ಶಾಸನವನ್ನು ಇತಿಹಾಸಜ್ಞರು ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳಿಗಾಗಿ ಓದುತ್ತಾರೆ. ಅದನ್ನು ರಚಿಸಿದ ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳಿಗೆ ಸರಿಗಟ್ಟಿ ಹೇಳಿಕೊಂಡುದಕ್ಕಾಗಿ ಸಾಹಿತ್ಯಾಭ್ಯಾಸಿಗಳು ಓದುತ್ತಾರೆ. ಅದರಲ್ಲಿ ಅಡಗಿರುವ ಲೆಕ್ಕಕ್ಕಾಗಿ ಓದುವವರು ವಿರಳ. ಜಿನಾಲಯ ನಿರ್ಮಾಣದ ವರ್ಷವನ್ನು ಕವಿಯು ಎರಡು ಬಗೆಯಾಗಿ ಹೇಳಿದ್ದಾನೆ. ಭಾರತಯುದ್ಧದಿಂದ ಈಚೆಗೆ ಮೂವತ್ತು, ಮೂರು ಸಾವಿರ, ಏಳು ನೂರು ಮತ್ತು ಐದು ವರ್ಷಗಳು ಸಂದಿವೆ ಎಂಬುದು ಒಂದು. ಶಕರಾಜರ ಕಾಲಗಣನೆಯಲ್ಲಿ ಐವತ್ತು, ಆರು ಮತ್ತು ಐದು ನೂರು ವರ್ಷಗಳು ಸಂದಿವೆ ಎಂಬುದು ಇನ್ನೊಂದು. ವೃತ್ತದ ಅನುಕೂಲಕ್ಕೆ ತಕ್ಕಂತೆ ಹಿಂದುಮುಂದಾಗಿ ನಿಂತಿರುವ ಈ ಸಂಖ್ಯೆಗಳನ್ನು ಕೂಡಿಸಿದರೆ ಮೊದಲನೆಯದು ೩೭೩೫, ಎರಡನೆಯದು ೫೫೬. ಕ್ರಿಸ್ತಶಕದ ಲೆಕ್ಕದಲ್ಲಿ ಅದು ೬೩೪. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ ಉಳಿಯುವುದು ೩೧೭೯. ಇಂದಿಗೂ ಪಂಚಾಂಗಕರ್ತರು ಶಕವರ್ಷಕ್ಕೆ ಇದೇ ೩೧೭೯ನ್ನು ಕೂಡಿಸಿ ಕಲಿವರ್ಷವನ್ನು ತೆಗೆಯುತ್ತಾರೆ.

ಇದರ ಸ್ವಾರಸ್ಯವನ್ನು ಗಮನಿಸಬೇಕು. ಕಲ್ಲಿನಲ್ಲಿ ಕಂಡರಿಸುವವನ ಉಳಿ ತಪ್ಪಿ ಒಂದು ಸಂಖ್ಯೆ ಕೆಟ್ಟಿದ್ದರೆ ಇನ್ನೊಂದು ಸಂಖ್ಯೆ ಆ ತಪ್ಪನ್ನು ತೋರಿಸಿಕೊಡುತ್ತಿತ್ತು. ಒಂದೇ ವಿಷಯವನ್ನು ಎರಡು ಮುಖದಿಂದ ಹೇಳಿ ತಾಳೆ ನೋಡುವ ಈ ಕ್ರಮವೇ ಇಂದು ಕಂಪ್ಯೂಟರುಗಳು ಪರಸ್ಪರ ಸಂದೇಶ ಕಳಿಸುವಾಗ ಅನುಸರಿಸುವ ಕ್ರಮವೂ ಹೌದು. ಸಂದೇಶದೊಡನೆ ಅದನ್ನು ಪರೀಕ್ಷಿಸುವ ಅಂಕಿಯೂ ಹೋಗುತ್ತದೆ. ರವಿಕೀರ್ತಿಗೆ ಕಂಪ್ಯೂಟರ್ ಗೊತ್ತಿತ್ತೆಂದು ಹೇಳುವುದು ನನ್ನ ಉದ್ದೇಶವಲ್ಲ. ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಸಾರುವ ಪ್ರಬಂಧಗಳು ಬೇಕಾದಷ್ಟಿವೆ. ಅವುಗಳಿಂದ ಪೂರ್ವಿಕರಿಗೆ ಗೌರವವೇನೂ ಹೆಚ್ಚಿಲ್ಲ. ಲೆಕ್ಕದ ವಿಚಾರವು ಒಂದೇ ಆಗಿದ್ದು ಅದನ್ನು ಹೊರುವ ವಸ್ತು ಮಾತ್ರ ಕಲ್ಲಿನಿಂದ ಯಂತ್ರಕ್ಕೆ ಬದಲಾಗುತ್ತದೆ ಎಂಬಷ್ಟೇ ಇಲ್ಲಿ ಪ್ರಸ್ತುತ.

ಈ ವಿಷಯವನ್ನು ಕನ್ನಡ ಪಂಡಿತನೊಬ್ಬ ಏಕೆ ಕೈಗೆತ್ತಿಕೊಂಡನೆಂದು ವಾಚಕ ಮಹಾಶಯರು ಕೇಳಬಹುದು. ನಮ್ಮ ಪ್ರಸಾದನಿಲಯದಲ್ಲಿದ್ದು ಓದಿದ ಹುಡುಗನೊಬ್ಬ ಈಗ ಕಂಪ್ಯೂಟರ್ ಎಂಜಿನಿಯರಿಂಗ್ ಪದವಿಯ ತರಗತಿಯಲ್ಲಿದ್ದಾನೆ; ಅದರ ಜೊತೆಯಲ್ಲೇ ದೂರಶಿಕ್ಷಣದ ಮೂಲಕ ಗಣಿತದ ಪದವಿಗೂ ಸೇರಿದ್ದಾನೆ. ಆತನ ತಂದೆ ಇಳಕಲ್ಲಿನಲ್ಲಿ ಮಗ್ಗ ನಡೆಸುವವರು. ಅವರು ಒಂದು ದಿನ ಬಂದು, “ಗುರುಗಳ, ಎರಡೂ ಕೂಡಿ ನಡಿತಾವ್ರಿ? ಒಂದ ಬಿಡಸಲೇನ್ರಿ?” ಎಂದು ಕೇಳಿದರು. ಪ್ರಶ್ನೆ ಸರಳವಾದರೂ ಅದರ ಹಿಂದೆ ಎರಡು ಕಡೆಯ ಶುಲ್ಕ, ಹುಡುಗನ ಆರೋಗ್ಯ, ಮನೆಯ ನಾಳಿನ ಅನ್ನ ಎಲ್ಲವೂ ಇದ್ದವು. ಇಂಥ ಪ್ರಶ್ನೆಯನ್ನು ಇತ್ತೀಚೆಗೆ ಹಳೆಯ ವಿದ್ಯಾರ್ಥಿಗಳೂ ತಮ್ಮ ಮಕ್ಕಳ ವಿಷಯದಲ್ಲಿ ಕೇಳತೊಡಗಿದ್ದಾರೆ. ಕಂಪ್ಯೂಟರ್ ಓದಿದರೆ ಕೆಲಸ ಸಿಗುತ್ತದೆ, ಗಣಿತ ಓದಿದರೆ ಸಿಗುವುದೇನು ಎಂಬುದು ಅವರ ಸಂದೇಹದ ಸಾರ. ನಾನು ಬಲ್ಲ ಶಾಸ್ತ್ರದ ಮೂಲಕವೇ ಅದಕ್ಕೆ ಉತ್ತರ ಹೇಳಲು ಇಲ್ಲಿ ಯತ್ನಿಸಿದ್ದೇನೆ.

ಗಣ, ಗಣಿತ, ಗಣಕ ಈ ಮೂರು ಶಬ್ದಗಳೂ ಎಣಿಸು ಎಂಬರ್ಥದ ಒಂದೇ ಧಾತುವಿಗೆ ಸಂಬಂಧಿಸಿದವು. ಯಂತ್ರವು ಬರುವುದಕ್ಕೆ ಮೊದಲು ಗಣಕನೆಂದರೆ ಗ್ರಹಗತಿಯನ್ನು ಲೆಕ್ಕ ಹಾಕುವ ಮನುಷ್ಯ. ಗಣವೆಂದರೆ ಎಣಿಸಿ ಕೂಡಿಸಿದ ಗುಂಪು. ಛಂದಸ್ಸಿನ ಗಣವನ್ನು ನಾವು ಬಾಲ್ಯದಿಂದಲೂ ಬಲ್ಲೆವು. ಆದರೆ ಇಲ್ಲೊಂದು ಮಾತನ್ನು ಬಿಡಿಸಿ ಹೇಳಬೇಕಾಗಿದೆ. ಶಾಲೆಗಳಲ್ಲಿ “ಪ್ರಸ್ತಾರ ಹಾಕಿರಿ” ಎಂದರೆ ಕೊಟ್ಟ ಪಾದಕ್ಕೆ ಲಘುಗುರುಗಳ ಚಿಹ್ನೆಯಿಟ್ಟು ಗಣ ವಿಂಗಡಿಸುವುದೆಂದೇ ರೂಢಿಯಾಗಿದೆ. ಶಾಸ್ತ್ರದಲ್ಲಿ ಪ್ರಸ್ತಾರವೆಂದರೆ ಅದಲ್ಲ. ಇಂತಿಷ್ಟು ಅಕ್ಷರಗಳಿಂದ ಲಘುಗುರುಗಳ ಎಷ್ಟು ವಿನ್ಯಾಸಗಳು ಸಾಧ್ಯವೋ ಅವೆಲ್ಲವನ್ನೂ, ಒಂದೂ ಬಿಡದಂತೆ, ಒಂದೂ ಎರಡು ಸಲ ಬಾರದಂತೆ, ನಿಯತಕ್ರಮದಲ್ಲಿ ಹರಡಿ ತೋರಿಸುವುದೇ ಪ್ರಸ್ತಾರ. ಪಿಂಗಳನ ಛಂದಶ್ಶಾಸ್ತ್ರದ ಕೊನೆಯ ಅಧ್ಯಾಯದಲ್ಲಿ ಇದರ ಮೂಲವಿದೆ. ಪ್ರಸ್ತಾರ, ನಷ್ಟ, ಉದ್ದಿಷ್ಟ, ಏಕದ್ವ್ಯಾದಿಲಗಕ್ರಿಯೆ, ಸಂಖ್ಯೆ, ಅಧ್ವಯೋಗ ಎಂಬ ಷಟ್ಪ್ರತ್ಯಯಗಳನ್ನು ಮುಂದಿನ ಲಾಕ್ಷಣಿಕರು ವಿಸ್ತರಿಸಿದರು. ಕನ್ನಡ ನಾಡಿನ ಜಯಕೀರ್ತಿಯ ಛಂದೋನುಶಾಸನದಲ್ಲಿಯೂ ನಾಗವರ್ಮನ ಛಂದೋಂಬುಧಿಯಲ್ಲಿಯೂ ಇವುಗಳ ವಿಚಾರ ಬಂದಿದೆ. ಪರೀಕ್ಷೆಗೆ ಬಾರದ ಭಾಗವೆಂದು ನಮ್ಮಲ್ಲಿ ಹೆಚ್ಚಿನವರು ಅದನ್ನು ದಾಟಿ ಹೋಗುತ್ತೇವೆ.

ಪ್ರಸ್ತಾರದ ವಿಧಿ ಹೀಗಿದೆ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಮುಂದಿನ ಸಾಲಿಗೆ, ಹಿಂದಿನ ಸಾಲಿನ ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘುವನ್ನು ಬರೆಯಬೇಕು. ಅದರ ಬಲಕ್ಕೆ ಇರುವುದನ್ನು ಇದ್ದಂತೆಯೇ ಇಳಿಸಬೇಕು. ಎಡಕ್ಕೆ ಉಳಿದ ಸ್ಥಾನಗಳನ್ನು ಗುರುಗಳಿಂದ ತುಂಬಬೇಕು. ಎಲ್ಲವೂ ಲಘುವಾದಾಗ ನಿಲ್ಲಬೇಕು. ಮೂರಕ್ಷರಕ್ಕೆ ಹಾಕಿ ನೋಡಿದರೆ ಬರುವ ಎಂಟು ಸಾಲುಗಳು ಕ್ರಮವಾಗಿ ಗಗಗ, ಲಗಗ, ಗಲಗ, ಲಲಗ, ಗಗಲ, ಲಗಲ, ಗಲಲ, ಲಲಲ. ಇವೇ ಮ, ಯ, ರ, ಸ, ತ, ಜ, ಭ, ನ ಗಣಗಳು. ಪಿಂಗಳನು ಗಣಗಳನ್ನು ಹೇಳಿದ ಕ್ರಮವು ಮನಬಂದಂತೆ ಹೇಳಿದುದಲ್ಲ, ಪ್ರಸ್ತಾರದ ಕ್ರಮವೇ ಅದು. ಈಗ ಗುರುವಿನ ಬದಲಿಗೆ ಸೊನ್ನೆಯನ್ನೂ ಲಘುವಿನ ಬದಲಿಗೆ ಒಂದನ್ನೂ ಬರೆದು, ಎಡದಿಂದ ಮೊದಲ ಸ್ಥಾನಕ್ಕೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು ಎಂದು ಬೆಲೆ ಕಟ್ಟಿದರೆ, ಸಾಲುಗಳ ಬೆಲೆ ಸೊನ್ನೆಯಿಂದ ಏಳರವರೆಗೆ ಒಂದೊಂದಾಗಿ ಏರುತ್ತ ಹೋಗುತ್ತದೆ. ಕಂಪ್ಯೂಟರಿನ ಒಡಲಲ್ಲಿರುವ ಸಂಖ್ಯಾಪದ್ಧತಿ ಇದೇ. ಅಲ್ಲಿ ಒಂದೊಂದು ಸ್ಥಾನಕ್ಕೆ ಬಿಟ್ ಎಂದು ಹೆಸರು. ಎಂಟು ಗಣಗಳನ್ನು ಗುರುತಿಸಲು ಮೂರು ಬಿಟ್ ಸಾಕು.

ನಷ್ಟವೆಂಬ ಪ್ರತ್ಯಯವು ಇದಕ್ಕಿಂತಲೂ ಚಮತ್ಕಾರವಾದುದು. ಪ್ರಸ್ತಾರದ ಇಂತಿಷ್ಟನೆಯ ಸಾಲು ಅಳಿಸಿಹೋಗಿದೆ. ಇಡೀ ಪಟ್ಟಿಯನ್ನು ಮತ್ತೆ ಬರೆಯದೆ ಆ ಒಂದು ಸಾಲನ್ನೇ ತೆಗೆಯುವುದು ಹೇಗೆ? ಸಂಖ್ಯೆಯು ಸಮವಾಗಿದ್ದರೆ ಅರ್ಧ ಮಾಡಿ ಲಘು ಬರೆಯಬೇಕು. ವಿಷಮವಾಗಿದ್ದರೆ ಒಂದು ಕೂಡಿಸಿ ಅರ್ಧ ಮಾಡಿ ಗುರು ಬರೆಯಬೇಕು. ಆರನೆಯ ಸಾಲು ಬೇಕೆಂದುಕೊಳ್ಳೋಣ. ಆರು ಸಮ, ಲಘು, ಅರ್ಧ ಮೂರು. ಮೂರು ವಿಷಮ, ಗುರು. ಒಂದು ಕೂಡಿಸಿ ಅರ್ಧ ಮಾಡಿದರೆ ಎರಡು. ಎರಡು ಸಮ, ಲಘು. ಬಂದುದು ಲಗಲ, ಅಂದರೆ ಜಗಣ. ಮೇಲಿನ ಪಟ್ಟಿಯಲ್ಲಿ ಆರನೆಯದು ಅದೇ. ಆರನೆಯ ತರಗತಿಯ ಮಗುವೂ ಇದನ್ನು ಮಾಡಬಲ್ಲದು. ಒಂದೊಂದೇ ಹೆಜ್ಜೆಯಾಗಿ, ಸಂದೇಹಕ್ಕೆ ಎಡೆಯಿಲ್ಲದಂತೆ, ಕೊನೆಗೊಳ್ಳುವ ಖಾತರಿಯೊಡನೆ ಹೇಳಿದ ಇಂಥ ವಿಧಿಗೆ ಕಂಪ್ಯೂಟರ್ ಶಾಸ್ತ್ರದಲ್ಲಿ ಅಲ್ಗಾರಿದಮ್ ಎನ್ನುತ್ತಾರೆ.

ಸಂಖ್ಯೆ ಎಂಬ ಪ್ರತ್ಯಯವನ್ನೂ ಒಂದು ಮಾತಿನಲ್ಲಿ ನೋಡಬಹುದು. ಉತ್ಕೃತಿ ಎಂಬ ಛಂದಸ್ಸಿಗೆ ಪಾದವೊಂದಕ್ಕೆ ೨೬ ಅಕ್ಷರ. ಅದರ ವಿನ್ಯಾಸಗಳೆಷ್ಟು? ಒಂದನ್ನು ೨೬ ಬಾರಿ ಇಮ್ಮಡಿ ಮಾಡುತ್ತ ಹೋಗುವುದು ನಮ್ಮ ದಾರಿ. ಪಿಂಗಳನದು ಬೇರೆ: ೨೬ರ ಅರ್ಧ ೧೩, ಒಂದು ಕಳೆದರೆ ೧೨, ಅರ್ಧ ೬, ಅರ್ಧ ೩, ಒಂದು ಕಳೆದರೆ ೨, ಅರ್ಧ ೧, ಅದನ್ನೂ ಕಳೆದರೆ ಸೊನ್ನೆ. ಇನ್ನು ಒಂದರಿಂದ ಹೊರಟು ಹಿಂದಿರುಗಿ ಬರುವಾಗ ಒಂದು ಕಳೆದಲ್ಲಿ ಇಮ್ಮಡಿ, ಅರ್ಧ ಮಾಡಿದಲ್ಲಿ ವರ್ಗ. ೨, ೪, ೮, ೬೪, ೪೦೯೬, ೮೧೯೨, ಕಡೆಗೆ ೬,೭೧,೦೮,೮೬೪. ಏಳೇ ಹೆಜ್ಜೆ. ೧೯೭೭ರಲ್ಲಿ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ಕಂಡುಹಿಡಿದ ಗೂಢಲಿಪಿಯಲ್ಲಿ ನೂರಾರು ಅಂಕಿಗಳ ಸಂಖ್ಯೆಗಳನ್ನು ದೊಡ್ಡ ಘಾತಕ್ಕೆ ಏರಿಸಬೇಕಾಗುತ್ತದೆ. ಒಂದೊಂದೇ ಗುಣಾಕಾರ ಮಾಡುತ್ತ ಹೋದರೆ ಯುಗ ಕಳೆದರೂ ಮುಗಿಯದು. ವರ್ಗ ಮಾಡುತ್ತ ಹೋಗುವ ಈ ಉಪಾಯವೇ ಅಲ್ಲಿಯೂ ಆಧಾರ. ಆ ಗೂಢಲಿಪಿಯನ್ನು ಬಿಡಿಸಿದಾಗ ಮೂಲ ಸಂದೇಶವೇ ಏಕೆ ಬರುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಪ್ರಮೇಯಗಳಿಂದ ತಿಳಿಯುವ ವಿಷಯ. ಎಂಜಿನಿಯರಿಂಗಿನ ಮೊದಲ ವರ್ಷಗಳಲ್ಲಿ ಗಣಿತ ಇದ್ದೇ ಇದೆ. ಆದರೆ ಅದು ಬಹುಮಟ್ಟಿಗೆ ಸೂತ್ರವನ್ನು ಬಳಸುವ ಗಣಿತ. ಸೂತ್ರವು ಏಕೆ ನಿಜ ಎಂದು ಸಾಧಿಸುವ ಗಣಿತಕ್ಕೆ ಅಲ್ಲಿ ವೇಳೆ ಸಾಲದು.

ಇನ್ನು “ಯಮಾತಾರಾಜಭಾನಸಲಗಂ” ಎಂಬ ಪ್ರಸಿದ್ಧ ಸೂತ್ರವನ್ನು ತೆಗೆದುಕೊಳ್ಳೋಣ. ಇದರಲ್ಲಿ ಯಾವ ಅಕ್ಷರದಿಂದ ಹೊರಟು ಮೂರನ್ನು ಎಣಿಸಿದರೂ ಆ ಅಕ್ಷರದ ಹೆಸರಿನ ಗಣವೇ ಬರುತ್ತದೆ. ಯಮಾತಾ ಯಗಣ, ಮಾತಾರಾ ಮಗಣ, ಹೀಗೆ ಸಲಗಂ ಎಂಬ ಸಗಣದವರೆಗೆ. ಎಂಟು ಗಣಗಳನ್ನು ಬಿಡಿಯಾಗಿ ಬರೆದರೆ ೨೪ ಅಕ್ಷರ ಬೇಕು; ಇಲ್ಲಿ ಹತ್ತರಲ್ಲಿ ಮುಗಿದಿದೆ. ಕೊನೆಯ ಲ, ಗಂ ಎರಡೂ ಮೊದಲಿನ ಯ, ಮಾ ಎಂಬ ಲಘುಗುರುಗಳ ಪುನರಾವೃತ್ತಿಯಾದುದರಿಂದ, ಮಾಲೆಯಾಗಿ ಸುತ್ತಿದರೆ ಎಂಟೇ ಅಕ್ಷರ ಸಾಕು. ಇದಕ್ಕಿಂತ ಕಡಿಮೆ ಮಾಡುವುದು ಸಾಧ್ಯವಿಲ್ಲ. ಗಣಗಳು ಎಂಟಿರುವಾಗ ಹೊರಡುವ ಸ್ಥಾನಗಳೂ ಎಂಟಾದರೂ ಇರಬೇಕಷ್ಟೆ.

ಇಂಥ ಮಾಲೆಯನ್ನು ಹೊಂಚಿ ಹುಡುಕಬೇಕೆ, ಅಥವಾ ಕಟ್ಟುವ ವಿಧಾನವೊಂದಿದೆಯೆ? ಗಣಿತವು ಹೀಗೆ ಹೇಳುತ್ತದೆ. ಗಗ, ಗಲ, ಲಗ, ಲಲ ಎಂಬ ನಾಲ್ಕು ಜೋಡಿಗಳನ್ನು ನಾಲ್ಕು ಊರುಗಳೆಂದು ಭಾವಿಸಿ. ಪ್ರತಿಯೊಂದು ಗಣವೂ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವ ರಸ್ತೆ. ಜಗಣವಾದ ಲಗಲವು ಲಗ ಎಂಬ ಊರಿನಿಂದ ಗಲ ಎಂಬ ಊರಿಗೆ ಒಯ್ಯುತ್ತದೆ. ಪ್ರತಿ ಊರಿಗೂ ಬರುವ ರಸ್ತೆ ಎರಡು, ಹೋಗುವ ರಸ್ತೆ ಎರಡು. ಬರುವವೂ ಹೋಗುವವೂ ಸಮನಾಗಿದ್ದು ಊರುಗಳೆಲ್ಲ ಕೂಡಿಕೊಂಡಿದ್ದರೆ, ಪ್ರತಿ ರಸ್ತೆಯನ್ನೂ ಒಂದೇ ಸಲ ತುಳಿದು ಹೊರಟಲ್ಲಿಗೆ ಬರುವ ದಾರಿ ಇದ್ದೇ ಇರುತ್ತದೆ. ೧೭೩೬ರಲ್ಲಿ ಆಯ್ಲರನು ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಕುರಿತು ಮಾಡಿದ ವಿಚಾರದಿಂದ ಹುಟ್ಟಿದ ಸಿದ್ಧಾಂತವಿದು. ಈ ಬಗೆಯ ಮಾಲೆಗಳು ಒಟ್ಟು ಎಷ್ಟು ಎಂಬ ಲೆಕ್ಕವನ್ನು ಹಾಲೆಂಡಿನ ದ ಬ್ರೈನ್ ಎಂಬ ಗಣಿತಜ್ಞ ೧೯೪೬ರಲ್ಲಿ ಪ್ರಕಟಿಸಿದನು. ಅದರ ಪ್ರಕಾರ ಮೂರಕ್ಷರದ ಗಣಗಳಿಗೆ ಎರಡೇ ಮಾಲೆಗಳು. ನಮ್ಮ ಸೂತ್ರ ಅವುಗಳಲ್ಲೊಂದು. ಜೀವಕೋಶದ ವಂಶವಾಹಿಯ ತುಣುಕುಗಳನ್ನು ಓದಿ ಪೂರ್ಣ ಸರಣಿಯನ್ನು ಜೋಡಿಸುವ ಕಂಪ್ಯೂಟರುಗಳು ಇಂದು ಇಂಥ ಊರು ರಸ್ತೆಗಳ ಜಾಲವನ್ನೇ ಬಳಸುತ್ತವೆ. ಛಂದಸ್ಸಿನ ವಿದ್ಯಾರ್ಥಿಗೆ ಅದು ನೆನಪಿನ ಸೂತ್ರ, ಗಣಿತಜ್ಞನಿಗೆ ಪ್ರಮೇಯ, ಎಂಜಿನಿಯರನಿಗೆ ಉಪಕರಣ.

ಎರಡು ವಿದ್ಯೆಗಳು ಒಂದನ್ನೊಂದು ಹೇಗೆ ತಿದ್ದುತ್ತವೆ ಎಂಬುದಕ್ಕೆ ಮೇಲೆ ಹೇಳಿದ ಹುಡುಗನ ನಿದರ್ಶನವೇ ಸಾಕು. ರಜೆಯಲ್ಲಿ ಬಂದಾಗ ಆತನಿಗೆ ನಾನು ಒಂದು ಪ್ರಶ್ನೆ ಕೊಟ್ಟೆ. ಕಂದಪದ್ಯವೊಂದಕ್ಕೆ ಎಷ್ಟು ಬಗೆಯ ಗಣವಿನ್ಯಾಸ ಸಾಧ್ಯ? ಕಂದದ ಲಕ್ಷಣ ಅಧ್ಯಾಪಕರಿಗೆ ತಿಳಿದುದೇ. ಪೂರ್ವಾರ್ಧದಲ್ಲಿ ಮೂರು ಮತ್ತು ಐದು ಸೇರಿ ಎಂಟು ಗಣ, ಉತ್ತರಾರ್ಧದಲ್ಲಿಯೂ ಎಂಟು. ಎಲ್ಲವೂ ನಾಲ್ಕು ಮಾತ್ರೆಯವು. ನಾಲ್ಕು ಮಾತ್ರೆಯ ಗಣಗಳು ಗಗ, ಲಲಗ, ಲಗಲ, ಗಲಲ, ಲಲಲಲ ಎಂದು ಐದು. ವಿಷಮಸ್ಥಾನದಲ್ಲಿ ಜಗಣ ಕೂಡದು. ಆರನೆಯದು ಜಗಣವೋ ಸರ್ವಲಘುವೋ ಆಗಿರಬೇಕು. ಎಂಟನೆಯದರ ಕೊನೆಗೆ ಗುರು ಬರಬೇಕು. ಆತ ಕ್ರಮವಿಧಿ ಬರೆದು ಕಂಪ್ಯೂಟರಿಗೆ ಕೊಟ್ಟ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು: ಅರ್ಧಕ್ಕೆ ೧೬,೦೦೦. ಯಂತ್ರ ಯಾವ ತಕರಾರನ್ನೂ ಮಾಡಲಿಲ್ಲ.

ಕಾಗದದ ಮೇಲೆ ಲೆಕ್ಕ ಹಾಕಿದರೆ ಬೇರೆಯಾಗುತ್ತದೆ. ಒಂದು, ಮೂರು, ಐದು, ಏಳನೆಯ ಸ್ಥಾನಗಳಿಗೆ ನಾಲ್ಕು ನಾಲ್ಕು ಆಯ್ಕೆ, ಎರಡು, ನಾಲ್ಕಕ್ಕೆ ಐದೈದು, ಆರಕ್ಕೆ ಎರಡು, ಎಂಟಕ್ಕೆ ಗಗ, ಲಲಗ ಎಂದು ಎರಡು. ಗುಣಿಸಿದರೆ ೨೫,೬೦೦. ಹುಡುಗ ಒಂದು ಗಳಿಗೆ ಯೋಚಿಸಿ ಕಾರಣವನ್ನು ತಾನೇ ಕಂಡುಕೊಂಡ. ಸಮವಿಷಮ ಸ್ಥಾನಗಳನ್ನು ಅರ್ಧದ ಆದಿಯಿಂದ ಎಣಿಸುವ ಬದಲು ಪಾದದ ಆದಿಯಿಂದ ಎಣಿಸುವಂತೆ ಯಂತ್ರಕ್ಕೆ ಹೇಳಿದ್ದ. ಆಗ ಎರಡನೆಯ ಪಾದದ ನಡುವಿನ ಗಣ ವಿಷಮಸ್ಥಾನವಾಗಿ ಜಗಣವನ್ನು ಕಳೆದುಕೊಂಡಿತ್ತು. ಅಲ್ಲಿ ಸರ್ವಲಘುವೊಂದೇ ಉಳಿದಿತ್ತು. ಕಂದದ ಗತಿಗೆ ಜೀವದಂತಿರುವ ಸ್ಥಾನವೇ ಕೆಟ್ಟಿತ್ತೆಂದ ಹಾಗಾಯಿತು. ಯಂತ್ರವು ಹೇಳಿದುದನ್ನು ಮಾಡಿತ್ತು. ಹೇಳಿದುದು ಸರಿಯೇ ಎಂದು ಕೇಳುವ ಕೆಲಸ ಅದರದಲ್ಲ. ತಿದ್ದಿದ ಮೇಲೆ ಎರಡು ಅರ್ಧಗಳನ್ನೂ ಗುಣಿಸಿ ಇಡೀ ಕಂದಕ್ಕೆ ೬೫,೫೩,೬೦,೦೦೦ ಎಂಬ ಉತ್ತರ ಬಂತು. ಪಂಪ ರನ್ನರಾದಿಯಾಗಿ ನಮ್ಮ ಕವಿಗಳೆಲ್ಲ ಬರೆದ ಕಂದಗಳನ್ನು ಒಟ್ಟುಗೂಡಿಸಿದರೂ ಆ ರಾಶಿಯ ಒಂದು ಮೂಲೆ ತುಂಬದು.

ಇದು ಗಣಿತವು ಯಂತ್ರವನ್ನು ತಿದ್ದಿದ ಕಥೆ. ತಿರುಗುಮುರುಗಾದುದೂ ಅಂದೇ ನಡೆಯಿತು. ನಿಯಮಗಳಾವುವೂ ಇಲ್ಲದೆ ಹದಿನಾರು ಸ್ಥಾನಗಳಿಗೂ ಐದೈದು ಗಣಗಳನ್ನು ಬಿಟ್ಟರೆ ಎಷ್ಟಾಗುತ್ತದೆ ಎಂದು ಕೇಳಿದೆ. ಐದನ್ನು ಹದಿನಾರು ಸಲ ಗುಣಿಸುವುದು, ಇದರಲ್ಲಿ ಗಣಿತದ ತೊಡಕೇನೂ ಇಲ್ಲ. ಉತ್ತರ ೧೫,೨೫೮ ಕೋಟಿ ೭೮ ಲಕ್ಷ ೯೦ ಸಾವಿರದ ೬೨೫. ಯಂತ್ರದಲ್ಲಿ ಬಂದುದು ಋಣ ೨೦೩,೦೯,೩೨,೦೩೧. ಸೊನ್ನೆಗಿಂತ ಇನ್ನೂರು ಕೋಟಿ ಕಡಿಮೆ ಪದ್ಯಗಳು! ಶುದ್ಧ ಗಣಿತವನ್ನಷ್ಟೇ ಓದಿದವನು ಇಲ್ಲಿ ದಿಕ್ಕುಗಾಣದೆ ನಿಲ್ಲುತ್ತಾನೆ. ಹುಡುಗ ನಕ್ಕು ವಿವರಿಸಿದ. ಆತನ ಕ್ರಮವಿಧಿಯಲ್ಲಿ ಒಂದು ಸಂಖ್ಯೆಗೆ ಮೀಸಲಾದ ಜಾಗ ೩೨ ಬಿಟ್. ಅದರಲ್ಲಿ ಒಂದು ಧನಋಣಗಳ ಗುರುತಿಗೆ ಹೋದರೆ ಹಿಡಿಸಬಲ್ಲ ಅತಿ ದೊಡ್ಡ ಸಂಖ್ಯೆ ೨೧೪,೭೪,೮೩,೬೪೭. ಅದನ್ನು ಮೀರಿದಾಗ ಕೊಳಗ ತುಂಬಿ ಚೆಲ್ಲಿದಂತೆ ಮೇಲಿನ ಅಂಕಿಗಳು ಚೆಲ್ಲಿಹೋಗಿ ಉಳಿದದ್ದು ಏನೋ ಒಂದಾಗುತ್ತದೆ. ೬೪ ಬಿಟ್‌ಗಳ ಜಾಗ ಕೊಟ್ಟೊಡನೆ ಸರಿಯಾದ ಉತ್ತರ ಬಂತು. ೧೯೯೬ರ ಜೂನ್ ೪ರಂದು ಯೂರೋಪಿನ ಆರಿಯಾನ್ ೫ ಎಂಬ ರಾಕೆಟ್ಟು ಮೊದಲ ಹಾರಾಟದಲ್ಲೇ ನಾಶವಾದುದಕ್ಕೆ, ೬೪ ಬಿಟ್ ಸಂಖ್ಯೆಯೊಂದನ್ನು ೧೬ ಬಿಟ್‌ನ ಜಾಗದಲ್ಲಿ ತುರುಕಿದುದು ಕಾರಣವಾಗಿತ್ತು. ಸ್ಮೃತಿ, ಮಂಡಲ, ಜಾಲ, ಆಪರೇಟಿಂಗ್ ಸಿಸ್ಟಂ ಇವುಗಳ ಮಿತಿಯನ್ನರಿಯುವುದೇ ಕಂಪ್ಯೂಟರ್ ವ್ಯವಸ್ಥೆಗಳ ಎಂಜಿನಿಯರಿಂಗ್. ಗಣಿತದ ಸಂಖ್ಯೆಗೆ ಕೊನೆಯಿಲ್ಲ, ಯಂತ್ರದ ಸಂಖ್ಯೆಗೆ ಗೋಡೆಯಿದೆ. ಎರಡನ್ನೂ ಕಂಡವನು ಬೇಕಾಗುತ್ತಾನೆ.

ಜಗತ್ತಿನಲ್ಲಿ ಈ ಮಾತಿಗೆ ದೊಡ್ಡ ಸಾಕ್ಷಿ ಕ್ಲಾಡ್ ಶಾನನ್. ಆತ ೧೯೩೬ರಲ್ಲಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯದಿಂದ ವಿದ್ಯುತ್ ಎಂಜಿನಿಯರಿಂಗ್ ಮತ್ತು ಗಣಿತ ಎರಡರಲ್ಲೂ ಸ್ನಾತಕ ಪದವಿ ಪಡೆದವನು. ಸತ್ಯ ಅಸತ್ಯಗಳನ್ನು ಒಂದು ಮತ್ತು ಸೊನ್ನೆಗಳಂತೆ ಕೂಡಿಸಿ ಗುಣಿಸುವ ಬೀಜಗಣಿತವನ್ನು ಜಾರ್ಜ್ ಬೂಲ್ ೧೮೫೪ರಲ್ಲೇ ಗ್ರಂಥಸ್ಥಗೊಳಿಸಿದ್ದನು. ವಿದ್ಯುತ್ ಸ್ವಿಚ್ಚುಗಳ ಜೋಡಣೆಯನ್ನು ಎಂಜಿನಿಯರರು ದಿನವೂ ಮಾಡುತ್ತಿದ್ದರು. ಎರಡನ್ನೂ ಬಲ್ಲ ಶಾನನ್ ೧೯೩೭ರಲ್ಲಿ ತನ್ನ ಪ್ರಬಂಧದಲ್ಲಿ ಅವೆರಡೂ ಒಂದೇ ಎಂದು ತೋರಿಸಿದನು. ಆಗ ಅವನ ವಯಸ್ಸು ಇಪ್ಪತ್ತೊಂದು. ಕಂಪ್ಯೂಟರಿನ ಮಂಡಲಗಳನ್ನು ಲೆಕ್ಕದಿಂದ ರಚಿಸುವುದು ಅಲ್ಲಿಂದ ಸಾಧ್ಯವಾಯಿತು. ಸಂದೇಶದ ತಪ್ಪನ್ನು ತಾಳೆ ನೋಡುವ ಶಾಸ್ತ್ರಕ್ಕೂ ೧೯೪೮ರ 그ವನ ಲೇಖನವೇ ಬುನಾದಿ. ಕಂಪ್ಯೂಟರ್ ಕ್ರಮವಿಧಿಗಳ ಕಲೆಯನ್ನು ಕುರಿತ ಬೃಹದ್ಗ್ರಂಥವನ್ನು ಬರೆದ ಡೊನಾಲ್ಡ್ ಕ್ನೂತ್ ಕೂಡ ಪದವಿಯಿಂದ ಗಣಿತಜ್ಞನೇ. ಮಾತ್ರಾಗಣಗಳ ಎಣಿಕೆಯಲ್ಲಿ ಬರುವ ೧, ೨, ೩, ೫, ೮ ಎಂಬ ಸಂಖ್ಯೆಗಳು ಯೂರೋಪಿನ ಫಿಬೊನಾಚಿಗಿಂತ ಮೊದಲೇ ಭಾರತದ ಛಾಂದಸರಿಗೆ ಗೊತ್ತಿದ್ದವೆಂದು ಆ ಗ್ರಂಥದಲ್ಲಿ ಉಲ್ಲೇಖವಿದೆ.

ನಮ್ಮ ನಾಡಿನ ಪರಂಪರೆಯೂ ಇದಕ್ಕೆ ಹೊರತಲ್ಲ. ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಗಣಿತದ ಪ್ರಯೋಜನವನ್ನು ಹೇಳುವಾಗ ಸಂಗೀತ, ವೈದ್ಯ, ವಾಸ್ತು, ಪಾಕಶಾಸ್ತ್ರಗಳ ಜೊತೆಗೆ ಛಂದಸ್ಸು, ವ್ಯಾಕರಣಗಳನ್ನೂ ಎಣಿಸಿದ್ದಾನೆ. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮುಂತಾದ ಕೃತಿಗಳನ್ನು ಕನ್ನಡದಲ್ಲಿಯೇ ರಚಿಸಿದನು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘದ ಹೆಸರು ದಕ್ಷಿಣಾಪಥದಾದ್ಯಂತ ಹರಡಿದ್ದ ನಾಡಿನಲ್ಲಿ ಲೆಕ್ಕವು ಕನ್ನಡ ಮಾತನಾಡಿದ್ದರೆ ಆಶ್ಚರ್ಯವೇನು?

ಮಗ್ಗದ ಮನೆಯ ತಂದೆಗೆ ನಾನು ಹೇಳಿದುದು ಅವರ ಕಸಬಿನ ಮಾತಿನಲ್ಲೇ. ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಅವುಗಳನ್ನು ಹೊಲಿದು ಸೇರಿಸುವುದಿಲ್ಲ; ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ಹೊಕ್ಕು ನಡೆಸುತ್ತಾರೆ. ಎರಡು ಪದವಿಗಳನ್ನೂ ಹಾಗೆ ಎಳೆಗೆ ಎಳೆ ಕೂಡಿಸಿ ಓದಿದರೆ ಬಟ್ಟೆಯಾಗುತ್ತದೆ. ಎರಡು ಪ್ರಮಾಣಪತ್ರಗಳನ್ನು ಒಂದಕ್ಕೊಂದು ಹೊಲಿದರೆ ಆಗದು. ಪ್ರಸಂಗವಶಾತ್ ಇದನ್ನೂ ಹೇಳಬಹುದು: ಫ್ರಾನ್ಸಿನ ಜಕಾರ್ಡ್ ೧೮೦೪ರಲ್ಲಿ ರಂಧ್ರ ಕೊರೆದ ರಟ್ಟುಗಳಿಂದ ನಡೆಯುವ ಮಗ್ಗವನ್ನು ರೂಪಿಸಿದನು. ರಂಧ್ರವಿದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಆ ರಟ್ಟುಗಳನ್ನೇ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡನು. ನೇಕಾರರ ಮನೆಯಿಂದ ಕಂಪ್ಯೂಟರಿಗೆ ಇರುವ ದೂರ ಜನರು ತಿಳಿದಷ್ಟಿಲ್ಲ.

ಈಗ ವ್ಯವಹಾರದ ಮಾತಿಗೆ ಬರೋಣ. ಈ ಜಂಟಿ ಅಧ್ಯಯನಕ್ಕೆ ಇಂದು ಕೆಲವು ದಾರಿಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ೨೦೨೨ರಲ್ಲಿ ಗಣಿತ ಮತ್ತು ಗಣನಶಾಸ್ತ್ರವನ್ನು ಕೂಡಿಸಿದ ಬಿ.ಟೆಕ್. ಪದವಿಯನ್ನು ಆರಂಭಿಸಿತು. ಪಿಲಾನಿಯ ಬಿರ್ಲಾ ಸಂಸ್ಥೆಯಲ್ಲಿ ಗಣಿತದ ಎಂ.ಎಸ್ಸಿ. ಮತ್ತು ಕಂಪ್ಯೂಟರಿನ ಬಿ.ಇ. ಎರಡನ್ನೂ ಐದು ವರ್ಷಗಳಲ್ಲಿ ಪಡೆಯುವ ಏರ್ಪಾಡಿದೆ. ಎರಡನೆಯ ಪದವಿಯ ವಿಷಯವು ಮೊದಲ ವರ್ಷದ ಅಂಕಗಳನ್ನು ಅವಲಂಬಿಸಿ ನಿರ್ಧಾರವಾಗುತ್ತದೆ. ಇವು ಎತ್ತರದ ಮೆಟ್ಟಿಲುಗಳು. ನಮ್ಮ ಭಾಗದ ಒಬ್ಬಿಬ್ಬರಿಗೆ ದೊರೆತರೆ ಹೆಚ್ಚು. ಉಳಿದವರಿಗೆ ಆಧಾರವಾಗಿರುವುದು ವಿಶ್ವವಿದ್ಯಾಲಯ ಅನುದಾನ ಆಯೋಗವು ೨೦೨೨ರ ಏಪ್ರಿಲ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ. ಅದರಂತೆ ಒಬ್ಬನೇ ವಿದ್ಯಾರ್ಥಿ ಏಕಕಾಲಕ್ಕೆ ಎರಡು ಪದವಿಗಳಿಗೆ ಓದಬಹುದು. ಎರಡನ್ನೂ ತರಗತಿಗೆ ಹೋಗಿ ಓದುವುದಾದರೆ ವೇಳೆ ಒಂದರ ಮೇಲೊಂದು ಬೀಳಬಾರದು. ಇಲ್ಲವೆ ಒಂದನ್ನು ತರಗತಿಯಲ್ಲಿ, ಇನ್ನೊಂದನ್ನು ದೂರಶಿಕ್ಷಣದಲ್ಲಿ ಮಾಡಬಹುದು. ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಗಳು ದಿನವನ್ನೆಲ್ಲ ನುಂಗುವುದರಿಂದ ಮೊದಲಿನದು ಹೆಸರಿಗೆ ಮಾತ್ರ. ಎರಡನೆಯದೇ ನಡೆಯುವ ದಾರಿ. ೧೯೬೩ರಲ್ಲಿ ಸ್ಥಾಪಿತವಾದ ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು ನಮ್ಮವರಿಗೆ ಹತ್ತಿರವಾದುದು. ದೂರಶಿಕ್ಷಣಕ್ಕೆ ೧೯೮೫ರಲ್ಲಿ ಆರಂಭವಾದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯವಿದೆ. ಅಲ್ಲಿಯ ಮೂರು ವರ್ಷದ ಸ್ನಾತಕ ಪದವಿಯನ್ನು ಆರು ವರ್ಷಗಳೊಳಗೆ ಮುಗಿಸಲು ಅವಕಾಶವುಂಟು. ಈ ಸಡಿಲಿಕೆಯನ್ನು ಮರೆಯಬಾರದು. ಎಂಜಿನಿಯರಿಂಗಿನ ಪರೀಕ್ಷೆ ಬಿಗಿಯಾದ ವರ್ಷ ಗಣಿತದ ಒಂದೆರಡು ಪತ್ರಿಕೆಗಳನ್ನು ಮುಂದೂಡಿದರೆ ಹುಡುಗನ ಮೇಲೆ ಹೊರೆ ತಗ್ಗುತ್ತದೆ. ಬಿಡಿಸಬೇಕೆ ಎಂದು ಕೇಳಿದ ತಂದೆಗೆ, ಬಿಡಿಸುವುದು ಬೇಡ, ನಿಧಾನ ಮಾಡಲಿ ಎಂದು ನಾನು ಹೇಳಿದುದು ಈ ಆಧಾರದ ಮೇಲೆ.

ಆದರೆ ಎಲ್ಲರೂ ಎರಡು ಪದವಿ ಮಾಡಬೇಕೆಂಬುದು ನನ್ನ ಮತವಲ್ಲ. ಗಣಿತದಲ್ಲಿ ರುಚಿಯಿಲ್ಲದ ಮಗುವನ್ನು ಎರಡು ನೊಗಕ್ಕೆ ಹೂಡುವುದು ಕ್ರೌರ್ಯ. ಹಣದ ಅನುಕೂಲವಿಲ್ಲದವರಿಗೆ ಭೌತಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ ಮೂರನ್ನೂ ಸಮನಾಗಿ ಕಲಿಸುವ ಬಿ.ಎಸ್ಸಿ. ಪದವಿ ಇಂದಿಗೂ ಒಳ್ಳೆಯ ಆಯ್ಕೆ. ಅದರ ಮೇಲೆ ಎಂ.ಸಿ.ಎ. ಮಾಡಬಹುದು. ನಮ್ಮ ರಾಜ್ಯದಲ್ಲಿ ೨೦೨೧-೨೨ರಲ್ಲಿ ಹೊಸ ಶಿಕ್ಷಣ ನೀತಿಯಂತೆ ಎರಡು ಮುಖ್ಯ ವಿಷಯಗಳ ಪದ್ಧತಿ ಬಂದು, ೨೦೨೪-೨೫ರಲ್ಲಿ ಮತ್ತೆ ಮೂರು ವಿಷಯಗಳ, ಮೂರು ವರ್ಷಗಳ ಪದ್ಧತಿಗೆ ಹಿಂದಿರುಗಲಾಯಿತು. ಪಾಲಕರು ಪ್ರವೇಶದ ವರ್ಷದ ನಿಯಮವನ್ನು ಕೇಳಿ ತಿಳಿಯುವುದು ಲೇಸು. ಅಣ್ಣನಿಗೆ ಇದ್ದ ಕ್ರಮ ತಮ್ಮನಿಗೆ ಇರಲಾರದು.

ದಾನಿಗಳಲ್ಲಿ ಒಂದು ಅರಿಕೆ. ಎಂಜಿನಿಯರಿಂಗ್ ಸೀಟು ದೊರೆತ ವಿದ್ಯಾರ್ಥಿಗೆ ಸನ್ಮಾನ, ಪುರಸ್ಕಾರಗಳು ನಮ್ಮಲ್ಲಿ ಧಾರಾಳ. ಅಂಥವನು ಜೊತೆಗೆ ಗಣಿತವನ್ನೂ ಓದಬಯಸಿದರೆ ಆ ಎರಡನೆಯ ಶುಲ್ಕಕ್ಕೆ ಕೈಹಿಡಿಯುವವರಿಲ್ಲ. ಮೊದಲನೆಯದಕ್ಕೆ ಬ್ಯಾಂಕು ಸಾಲ ಕೊಡುತ್ತದೆ, ಬಂಧುಗಳು ಕೊಡುತ್ತಾರೆ. ಎರಡನೆಯದು ಹಟಮಾರಿತನವೆಂದು ಎಣಿಕೆಯಾಗುತ್ತದೆ. ದೂರಶಿಕ್ಷಣದ ಶುಲ್ಕವು ಎಂಜಿನಿಯರಿಂಗಿನ ವೆಚ್ಚದ ಮುಂದೆ ಅಲ್ಪವೇ ಆದರೂ ಮಗ್ಗದ ಮನೆಗೆ ಅದು ಅಲ್ಪವಲ್ಲ. ಒಬ್ಬ ದಾನಿ ಒಬ್ಬ ವಿದ್ಯಾರ್ಥಿಯ ಗಣಿತದ ಶುಲ್ಕವನ್ನು ಮಾತ್ರ ವಹಿಸಿಕೊಂಡರೂ ಕೆಲಸ ನಡೆಯುತ್ತದೆ. ಪ್ರಮಾಣಪತ್ರ ಬರುವವರೆಗೆ ಕಾಯದೆ, ಪ್ರತಿ ವರ್ಷ ಶುಲ್ಕ ಕಟ್ಟುವ ತಿಂಗಳಿನಲ್ಲಿಯೇ ಕೊಟ್ಟರೆ ಉತ್ತಮ.

ಅಧ್ಯಾಪಕ ಮಿತ್ರರಿಗೂ ಒಂದು ಸೂಚನೆ. ಗಣಿತದ ಮತ್ತು ಕನ್ನಡದ ಶಿಕ್ಷಕರು ವರ್ಷದಲ್ಲಿ ಎರಡು ಅವಧಿಗಳನ್ನು ಕೂಡಿ ತೆಗೆದುಕೊಂಡು, ಒಂಬತ್ತನೆಯ ತರಗತಿಗೆ ನಾಲ್ಕಕ್ಷರದ ಪ್ರಸ್ತಾರವನ್ನು ಹಲಗೆಯ ಮೇಲೆ ಮಾಡಿಸಬೇಕು. ಹದಿನಾರೇ ಸಾಲು, ಅರ್ಧ ಗಂಟೆಯ ಕೆಲಸ. ಬಳಿಕ ಮಕ್ಕಳಿಗೆ ಬೆನ್ನು ತಿರುಗಿಸಿ ನಿಲ್ಲಲು ಹೇಳಿ, ಹನ್ನೊಂದನೆಯ ಸಾಲು ಯಾವುದೆಂದು ಕೇಳಬೇಕು. ಹನ್ನೊಂದು ವಿಷಮ, ಗುರು. ಆರು ಸಮ, ಲಘು. ಮೂರು ವಿಷಮ, ಗುರು. ಎರಡು ಸಮ, ಲಘು. ಗಲಗಲ ಎಂದು ಹೇಳಿದ ಮಗು ತಿರುಗಿ ಹಲಗೆಯನ್ನು ನೋಡಿಕೊಳ್ಳಲಿ. ಎರಡನೆಯ ಅವಧಿಗೆ ಭಾಮಿನಿ ಷಟ್ಪದಿಯ ಮೊದಲ ಪಾದವನ್ನು ಕೊಡಬಹುದು. ಮೂರು ನಾಲ್ಕು ಮೂರು ನಾಲ್ಕು ಮಾತ್ರೆಗಳ ಆ ಪಾದಕ್ಕೆ ಬರಿಯ ಲೆಕ್ಕದಲ್ಲಿ ೨೨೫ ವಿನ್ಯಾಸಗಳು. ಲಘುವಿನ ಮುಂದೆ ಗುರು ಬಂದು ಆರಂಭವಾಗುವ ಗಣಗಳನ್ನು ಬಿಟ್ಟರೆ ೬೪. ಹೇಗೆಂಬುದನ್ನು ಮಕ್ಕಳೇ ಬಿಡಿಸಲಿ. ಮೂರು ಮಾತ್ರೆಯ ಗಣಗಳು ಮೂರು, ನಾಲ್ಕು ಮಾತ್ರೆಯವು ಐದು ಎಂಬಷ್ಟನ್ನು ಮೊದಲು ಹೇಳಿಕೊಟ್ಟರೆ ಸಾಕು.